ಮಕ್ಕಳು ಹೇಗೆ ಕಲೀತಾರೆ, ಪಾಠ ಎಷ್ಟು ನಾಟುತ್ತೆ: ಪದೇ ಪದೇ ಕೇಳೋ ಪ್ರಶ್ನೆಗಳು

ಟೀಚರ್‌ಗಳು, ಬಿಎಡ್ ಓದ್ತಿರೋರು, ಎಸ್ಸೆಸ್ಸೆಲ್ಸಿ ಮಕ್ಕಳ ಅಪ್ಪ ಅಮ್ಮಂದಿರು ಕೇಳ್ತಾನೇ ಇರೋ ಪ್ರಶ್ನೆಗಳನ್ನ ಒಂದು ಕಡೆ ಹಾಕಿದೀನಿ, ಆದಷ್ಟೂ ಕೇಳಿದವರ ಮಾತಲ್ಲೇ. ಮೊದಲಿನವು ಮನೇಲಿ ಓದೋ ವಿಷಯ, ಆಮೇಲೆ ಕ್ಲಾಸ್‌ರೂಮಿಂದು, ಕೊನೇಲಿ ಸಂಶೋಧನೆ ಅನ್ನೋದನ್ನೇ ಹೇಗೆ ಓದ್ಬೇಕು ಅನ್ನೋದು. ಬೇಕಾದ್ದಷ್ಟೇ ಓದ್ಕೊಳಿ.

## ಮನೇಲಿ ಓದೋದು

ಮಗ ರಾತ್ರಿಯೆಲ್ಲಾ ಓದ್ತಾನೆ, ಪರೀಕ್ಷೆ ಹಾಲಲ್ಲಿ ಕೂತ್ರೆ ಎಲ್ಲಾ ಮರ್ತೋಯ್ತು ಅಂತಾನೆ, ಯಾಕೆ?

ಓದ್ತಾನೆ ಅಂದ್ರೆ ಏನ್ ಮಾಡ್ತಾನೆ ಅಂತ ಒಂದ್ಸಲ ಪಕ್ಕದಲ್ಲಿ ಕೂತು ನೋಡಿ. ಸಾಮಾನ್ಯವಾಗಿ ಅದೇ ಪಾಠಾನ ಮೂರು ಸಲ ನಾಲ್ಕು ಸಲ ಕಣ್ಣಾಡಿಸ್ತಿರ್ತಾನೆ, ಎರಡನೇ ಸಲಕ್ಕೆ ಸಾಲುಗಳು ಪರಿಚಿತ ಅನ್ಸುತ್ತೆ, ಆ ಪರಿಚಯಾನೇ ಗೊತ್ತಿರೋದು ಅಂತ ಅಂದ್ಕೊಳ್ತಾನೆ. ಪರೀಕ್ಷೇಲಿ ಪುಸ್ತಕ ಎದುರಿಗಿರಲ್ಲ, ಒಳಗಿಂದ ಎಳೆದು ತೆಗೀಬೇಕು, ಆ ಕೆಲಸಾನ ಅವನು ಮನೇಲಿ ಒಂದ್ಸಲಾನೂ ಮಾಡಿರಲ್ಲ.

ಅಮೆರಿಕದಲ್ಲಿ ರೋಡಿಗರ್, ಕಾರ್ಪಿಕಿ ಅನ್ನೋ ಇಬ್ಬರು 2006ರಲ್ಲಿ ಇದನ್ನ ನೋಡಿದ್ರು. ಕಾಲೇಜು ಹುಡುಗ್ರಿಗೆ ಎರಡು ಚಿಕ್ಕ ಪಾಠ ಕೊಟ್ಟು, ಒಂದನ್ನ ಇನ್ನೊಂದ್ಸಲ ಓದಿ ಅಂದ್ರು, ಇನ್ನೊಂದನ್ನ ಮುಚ್ಚಿ ನೆನಪಿದ್ದಷ್ಟು ಬರೀರಿ ಅಂದ್ರು. ಐದು ನಿಮಿಷ ಬಿಟ್ಟು ಕೇಳಿದ್ರೆ ಎರಡು ಸಲ ಓದಿದ ಪಾಠವೇ ಮುಂದೆ, 81 ಪರ್ಸೆಂಟ್ ನೆನಪು, ಬರೆದ ಪಾಠದ್ದು 75. ಒಂದು ವಾರ ಬಿಟ್ಟು ಕೇಳಿದಾಗ ಉಲ್ಟಾ ಆಗಿತ್ತು, ಓದಿದ್ದು 42ಕ್ಕೆ ಇಳಿದಿತ್ತು, ಬರೆದಿದ್ದು 56ರಲ್ಲಿತ್ತು. ರಾತ್ರಿ ಹನ್ನೊಂದಕ್ಕೆ 'ಎಲ್ಲಾ ಬರುತ್ತಮ್ಮಾ' ಅಂತಾನಲ್ಲ, ಆ ಹೊತ್ತಿಗೆ ಅದು ಸುಳ್ಳಲ್ಲ, ಮುಂದಿನ ವಾರಕ್ಕೆ ಉಳಿಯಲ್ಲ ಅಷ್ಟೇ.

ಹಂಗಾದ್ರೆ ಹೈಲೈಟರಲ್ಲಿ ಗೆರೆ ಹಾಕೋದು, ನೋಟ್ಸ್ ಕಾಪಿ ಮಾಡೋದು ಎಲ್ಲಾ ವೇಸ್ಟಾ?

ಗೆರೆ ಹಾಕೋದ್ರಿಂದ ಕೆಡೋದೇನಿಲ್ಲ, ಆದ್ರೆ ಅಲ್ಲಿಗೇ ನಿಲ್ಲಿಸಿದ್ರೆ ಏನೂ ದಕ್ಕಲ್ಲ. ಡನ್ಲಾಸ್ಕಿ ಮತ್ತೆ ಜೊತೆಯವರು 2013ರಲ್ಲಿ ಓದೋ ಹತ್ತು ವಿಧಾನಗಳ ಮೇಲೆ ಅಲ್ಲಿವರೆಗೂ ಬಂದ ಸಂಶೋಧನೆಯೆಲ್ಲಾ ಜಾಲಾಡಿದ್ರು, ಗೆರೆ ಹಾಕೋದು, ಮತ್ತೆ ಮತ್ತೆ ಓದೋದು ಎರಡೂ ಕಡಿಮೆ ಉಪಯೋಗದ ಪಟ್ಟಿಗೆ ಹೋದ್ವು. ಮೇಲಿನ ದರ್ಜೆ ಸಿಕ್ಕಿದ್ದು ಎರಡಕ್ಕೆ ಮಾತ್ರ: ತನ್ನನ್ನ ತಾನೇ ಕೇಳ್ಕೊಳ್ಳೋದು, ಓದನ್ನ ದಿನಗಳ ಮೇಲೆ ಹಂಚೋದು. ಮುದ್ದಾದ ಅಕ್ಷರದಲ್ಲಿ ನಾಲ್ಕು ಬಣ್ಣದ ಪೆನ್ನಲ್ಲಿ ನೋಟ್ಸ್ ಮಾಡೋ ಮಕ್ಕಳನ್ನ ನಾವು ಸ್ವಲ್ಪ ಜಾಸ್ತೀನೇ ಹೊಗಳ್ತೀವಿ ಅಂತ ನನಗನ್ಸುತ್ತೆ.

ಎಷ್ಟು ದಿನಕ್ಕೊಂದ್ಸಲ ತಿರುಗಿ ನೋಡ್ಬೇಕು?

ಪರೀಕ್ಷೆ ಎಷ್ಟು ದೂರ ಇದೆ ಅನ್ನೋದರ ಮೇಲೆ ಹೋಗುತ್ತೆ. ಮರೆವು ಮೊದಲ ದಿನವೇ ಜೋರಾಗಿ ಆಗಿ ಆಮೇಲೆ ನಿಧಾನ ಆಗುತ್ತೆ ಅಂತ ಜರ್ಮನಿಯ ಎಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದ, ಅದೂ ಅರ್ಥವಿಲ್ಲದ ಪದಗಳನ್ನ ತಾನೇ ಉರು ಹೊಡೆದು. 2008ರಲ್ಲಿ ಸೆಪೇಡಾ ಮತ್ತೆ ಜೊತೆಯವರು ಸಾವಿರಕ್ಕೂ ಹೆಚ್ಚು ಜನರ ಮೇಲೆ ಬೇರೆ ಬೇರೆ ಅಂತರ ಇಟ್ಟು ನೋಡಿದ್ರು. ವಾರದಲ್ಲಿ ಟೆಸ್ಟ್ ಇದ್ರೆ ಒಂದೆರಡು ದಿನ ಬಿಟ್ಟು, ವರ್ಷದ ಮೇಲೆ ನೆನಪಿರಬೇಕು ಅಂದ್ರೆ ಮೂರು ವಾರದ ಆಸುಪಾಸು ಬಿಟ್ಟು ತಿರುಗಿ ನೋಡೋದು ಲಾಭ. ಅರ್ಧಂಬರ್ಧ ಮರೆತ ಮೇಲೆ ನೆನೆಸ್ಕೊಳ್ಳೋಕೆ ಒದ್ದಾಡ್ತಾರಲ್ಲ, ಗಟ್ಟಿ ಮಾಡೋದು ಅದೇ.

ಮಗ್ಗಿ ಬಾಯಿಪಾಠ ಮಾಡ್ಸೋದು ಹಳೇ ಕಾಲದ್ದು ಅಲ್ವಾ, ಅರ್ಥ ಆದ್ರೆ ಸಾಕಲ್ವಾ?

ಅರ್ಥವೂ ಬೇಕು, ಮಗ್ಗೀನೂ ಬೇಕು. ನಮ್ಮ ತಲೇಲಿ ಒಂದೇ ಹೊತ್ತಿಗೆ ಹಿಡಿದಿಟ್ಕೊಳ್ಳೋಕೆ ಆಗೋದು ಸುಮಾರು ನಾಲ್ಕೇ ವಿಷಯ. ಏಳು ಅಂತ ಮಿಲ್ಲರ್ 1956ರಲ್ಲಿ ಹೇಳಿದ್ದು ಪ್ರಸಿದ್ಧ, ಆಮೇಲೆ ಕೋವನ್ 2001ರಲ್ಲಿ ಅದನ್ನ ನಾಲ್ಕಕ್ಕೆ ಇಳಿಸಿದ್ರು. ಭಿನ್ನರಾಶಿ ಕೂಡೋವಾಗ ಏಳೆಂಟ್ಲ ಎಷ್ಟು ಅಂತ ಬೆರಳು ಎಣಿಸ್ತಾ ಕೂತ್ರೆ ಆ ನಾಲ್ಕು ಜಾಗವೂ ಅದಕ್ಕೇ ಭರ್ತಿ, ಛೇದ ಯಾಕೆ ಸಮ ಮಾಡ್ಬೇಕು ಅಂತ ಯೋಚಿಸೋಕೆ ಜಾಗ ಎಲ್ಲಿರುತ್ತೆ? ಆಸ್ಟ್ರೇಲಿಯಾದ ಸ್ವೆಲ್ಲರ್ 1980ರ ದಶಕದಿಂದ ಹೇಳ್ಕೊಂಡು ಬಂದಿದ್ದು ಇದನ್ನೇ, ಹೊಸದಾಗಿ ಕಲಿಯೋರಿಗೆ ಬಿಡಿಸಿಟ್ಟ ಲೆಕ್ಕ ತೋರಿಸಿ, ಆಮೇಲೆ ಸ್ವಂತ ಬಿಡಿಸೋಕೆ ಬಿಡಿ ಅಂತ. ಪ್ರಶ್ನೋತ್ತರ ಗೈಡ್ ಹಿಡ್ಕೊಂಡು ಸಮಾಜ ವಿಜ್ಞಾನದ ಉತ್ತರ ಅಕ್ಷರಶಃ ಉರು ಹೊಡೆಸೋದಕ್ಕೆ ಮಾತ್ರ ಈ ಮಾತನ್ನ ಎಳೀಬೇಡಿ.

ಮಗಳು ವಿಶುವಲ್ ಲರ್ನರ್, ಅಂದ್ರೆ ನೋಡಿ ಕಲಿಯೋಳು ಅಂತ ಸ್ಕೂಲಲ್ಲಿ ಟೆಸ್ಟ್ ಮಾಡಿ ಹೇಳಿದ್ರು, ಏನ್ ಮಾಡ್ಲಿ?

ಏನೂ ಮಾಡ್ಬೇಡಿ. ಅದಕ್ಕೆ ಬೇರೆ ಫೀಸ್ ಕೇಳಿದ್ರೆ ಖಂಡಿತಾ ಕೊಡ್ಬೇಡಿ. ಮಕ್ಕಳಿಗೆ ಒಂದೊಂದು ಇಷ್ಟ ಇರೋದು ನಿಜ, ಆದ್ರೆ ಆ ಇಷ್ಟಕ್ಕೆ ತಕ್ಕಂತೆ ಪಾಠ ಮಾಡಿದ್ರೆ ಜಾಸ್ತಿ ಕಲೀತಾರೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ ಅಂತ ಪಾಶ್ಲರ್ ಮತ್ತೆ ಜೊತೆಯವರು 2008ರಲ್ಲಿ ಬರೆದ್ರು, ಆಮೇಲೂ ಅಂಥ ಪುರಾವೆ ಸಿಕ್ಕಿಲ್ಲ. ಭೂಪಟ ಎಲ್ಲರೂ ನೋಡೇ ಕಲೀಬೇಕು, ಪದ್ಯದ ಲಯ ಎಲ್ಲರೂ ಕೇಳೇ ಕಲೀಬೇಕು.

ಒಂದೇ ಥರದ ಲೆಕ್ಕ ಇಪ್ಪತ್ತು ಮಾಡ್ಸಿದ್ರೆ ಕೈ ಪಳಗಲ್ವಾ?

ಪಳಗುತ್ತೆ, ಆ ಸಂಜೆ ಮಟ್ಟಿಗೆ. ರೋರರ್, ಟೇಲರ್ 2007ರಲ್ಲಿ ಕಾಲೇಜು ಹುಡುಗ್ರಿಗೆ ನಾಲ್ಕು ಥರದ ಘನಾಕೃತಿಗಳ ಘನಫಲ ಕಂಡುಹಿಡಿಯೋದು ಹೇಳ್ಕೊಟ್ರು. ಒಂದೊಂದೇ ಥರ ಮುಗಿಸಿ ಮುಂದಕ್ಕೆ ಹೋದವರು ಅಭ್ಯಾಸದಲ್ಲಿ 89 ಪರ್ಸೆಂಟ್ ಸರಿ ಮಾಡಿದ್ರು, ಕಲಸಿ ಕೊಟ್ಟವರು 60. ಒಂದು ವಾರದ ನಂತರದ ಟೆಸ್ಟಲ್ಲಿ ಮೊದಲನೇ ಗುಂಪು 20ಕ್ಕೆ ಬಿತ್ತು, ಕಲಸಿ ಮಾಡಿದವರು 63. ಕಾರಣ ಸಿಂಪಲ್, 'ಅಭ್ಯಾಸ 4.2' ಅಂತ ತಲೆಬರಹ ಇದ್ರೆ ಯಾವ ಸೂತ್ರ ಅಂತ ಯೋಚಿಸೋದೇ ಬೇಡ, ಪಬ್ಲಿಕ್ ಪರೀಕ್ಷೆ ಪೇಪರಲ್ಲಿ ತಲೆಬರಹ ಇರಲ್ಲವಲ್ಲ. ಮೊದಲು ಐದಾರು ಒಂದೇ ಥರದ್ದು ಮಾಡ್ಸಿ, ಆಮೇಲೆ ಹಿಂದಿನ ಪಾಠಗಳದ್ದನ್ನೂ ಬೆರೆಸಿ ಕೊಡಿ.

## ಕ್ಲಾಸ್‌ರೂಮಲ್ಲಿ

ಎರಡನೇ ಕ್ಲಾಸು, ಇನ್ನೂ ಕನ್ನಡ ತಡವರಿಸಿ ಓದ್ತಾಳೆ, ಡಿಸ್ಲೆಕ್ಸಿಯಾ ಇರ್ಬಹುದಾ?

ಡಿಸ್ಲೆಕ್ಸಿಯಾ ಅಂದ್ರೆ ಓದೋದ್ರಲ್ಲೇ ಇರೋ ತೊಂದರೆ, ಅಷ್ಟು ಬೇಗ ಆ ಹೆಸರು ಇಡ್ಬೇಡಿ. ಇಂಗ್ಲಿಷಿನ 26 ಅಕ್ಷರದ ಲೆಕ್ಕದಲ್ಲಿ ನಾವು ಕನ್ನಡ ಓದೋ ಮಕ್ಕಳನ್ನ ಅಳೀತೀವಿ. ಇಲ್ಲಿ ವರ್ಣಮಾಲೆ ಮುಗಿದ ಮೇಲೆ ಕಾಗುಣಿತ, ಅದಾದ ಮೇಲೆ ಒತ್ತಕ್ಷರ, ಎಲ್ಲಾ ಸೇರಿ ಗುರುತಿಸಬೇಕಾದ ಆಕಾರಗಳು ನೂರಾರು. ಸೊನಾಲಿ ನಾಗ್ ಕರ್ನಾಟಕದ ಶಾಲೆಗಳಲ್ಲೇ ಮಾಡಿದ ಅಧ್ಯಯನದಲ್ಲಿ (2007) ಕಂಡಿದ್ದು, ಅಕ್ಷರಜ್ಞಾನ ಒಂದೇ ವರ್ಷಕ್ಕೆ ಮುಗಿಯಲ್ಲ, ಮೂರನೇ ನಾಲ್ಕನೇ ಕ್ಲಾಸಿನವರೆಗೂ ಬೆಳೀತಾ ಹೋಗುತ್ತೆ, ಇಂಗ್ಲಿಷ್ ಬಗ್ಗೆ ಬರೆದ ಪುಸ್ತಕಗಳ ವೇಗಕ್ಕಿಂತ ನಿಧಾನವಾಗಿ.

ಮಗು ಎಲ್ಲಿ ತಡವರಿಸುತ್ತೆ ಅಂತ ನೋಡಿ. 'ಮನೆ', 'ಕಮಲ' ಸಲೀಸಾಗಿ ಓದಿ 'ಕತ್ತೆ' ಬಂದಾಗ ಒತ್ತು ಬಿಟ್ಟು 'ಕತೆ' ಅಂದ್ರೆ, ಕಲಿಕೆ ದಾರೀಲೇ ಇದೆ, ಒತ್ತಕ್ಷರ ಇನ್ನೂ ಕೂತಿಲ್ಲ ಅಷ್ಟೇ. ಪ, ವ, ಷ ನಡುವೆ ಗೊಂದಲವೂ ಮಾಮೂಲಿ. ಎರಡನೇ ಕ್ಲಾಸು ಮುಗೀತಾ ಬಂದ್ರೂ ಒತ್ತಿಲ್ಲದ ಸರಳ ಪದಾನೂ ಬಿಡಿಸೋಕಾಗ್ತಿಲ್ಲ, ದಿನಾ ಕೂರಿಸಿ ಓದಿಸಿದ್ರೂ ಕದಲ್ತಿಲ್ಲ ಅಂದ್ರೆ ಆಗ ಕಣ್ಣು ಕಿವಿ ಪರೀಕ್ಷೆ ಮಾಡ್ಸಿ ತಜ್ಞರನ್ನ ನೋಡಿ.

ಎಷ್ಟು ಸಲ ಹೇಳ್ಕೊಟ್ರೂ ಅದೇ ತಪ್ಪು ಮಾಡ್ತಾರೆ ಸಾರ್, ಗಮನವೇ ಇಲ್ಲ.

ತಪ್ಪನ್ನ ಒಂದ್ಸಲ ಬಿಡಿಸಿ ನೋಡಿ. 52ರಲ್ಲಿ 38 ಕಳೆ ಅಂದ್ರೆ ಒಬ್ಬ ಹುಡುಗ 26 ಅಂತ ಬರೀತಾನೆ. ಕೆಂಪು ಪೆನ್ನಲ್ಲಿ ಗೆರೆ ಎಳೆದ್ರೆ ಅವನಿಗೂ ಏನೂ ಗೊತ್ತಾಗಲ್ಲ ನಿಮಗೂ ಗೊತ್ತಾಗಲ್ಲ. ಬಿಡಿ ಸ್ಥಾನದಲ್ಲಿ 2 ಮತ್ತು 8, ದೊಡ್ಡದ್ರಲ್ಲಿ ಚಿಕ್ಕದು ಕಳೀಬೇಕು ಅಂತ ಯಾರೋ ಹೇಳಿದ್ರಲ್ಲ, ಅದಕ್ಕೆ 8ರಲ್ಲಿ 2 ಕಳೆದು 6. ಹತ್ತರ ಸ್ಥಾನದಲ್ಲಿ 5ರಲ್ಲಿ 3 ಹೋದ್ರೆ 2. ಅವನು ಗಮನ ಕೊಟ್ಟೇ ಮಾಡಿದಾನೆ, ನಿಯಮದ ಪ್ರಕಾರವೇ ಮಾಡಿದಾನೆ, ನಿಯಮ ತಪ್ಪು. 71ರಲ್ಲಿ 45 ಕೊಟ್ಟು ನೋಡಿ, 34 ಅಂತಾನೆ. ಬ್ರೌನ್, ಬರ್ಟನ್ ಅನ್ನೋರು 1978ರಲ್ಲೇ ಇಂಥ ವ್ಯವಕಲನದ ತಪ್ಪುಗಳನ್ನ ಕಂಪ್ಯೂಟರ್ ಪ್ರೋಗ್ರಾಮಿನ ಬಗ್ (ದೋಷ) ಥರ ಪಟ್ಟಿ ಮಾಡಿದ್ರು.

ಇವನಿಗೆ ಅದೇ ವಿಧಾನಾನ ಇನ್ನೂ ಜೋರಾಗಿ ಹೇಳಿದ್ರೆ ಪ್ರಯೋಜನ ಇಲ್ಲ. ಐದು ಹತ್ತಿನ ಕಟ್ಟು, ಎರಡು ಬಿಡಿ ಕಡ್ಡಿ ಕೈಗೆ ಕೊಟ್ಟು 38 ತೆಗೆದುಕೊಡು ಅಂದ್ರೆ ಒಂದು ಕಟ್ಟು ಬಿಚ್ಚದೆ ಗತಿಯಿಲ್ಲ ಅಂತ ಅವನಿಗೇ ಕಾಣುತ್ತೆ.

ಮಾರ್ಕ್ಸ್ ಕೊಡ್ಬೇಕಾ, ಕಾಮೆಂಟ್ ಬರೀಬೇಕಾ?

ಕಲಿಸೋ ಹಂತದಲ್ಲಿ ಕಾಮೆಂಟ್ ಮಾತ್ರ ಸಾಕು. ಇಸ್ರೇಲಲ್ಲಿ ರೂತ್ ಬಟ್ಲರ್ 1988ರಲ್ಲಿ ಮೂರು ಗುಂಪು ಮಾಡಿ ನೋಡಿದ್ರು: ಬರೀ ಮಾರ್ಕ್ಸ್, ಬರೀ ಕಾಮೆಂಟ್, ಎರಡೂ. ಸುಧಾರಿಸಿದ್ದು ಬರೀ ಕಾಮೆಂಟ್ ಸಿಕ್ಕ ಗುಂಪು. ಎರಡೂ ಕೊಟ್ರೆ ಮಕ್ಕಳು ಮಾರ್ಕ್ಸ್ ನೋಡ್ತಾರೆ, ಪಕ್ಕದವನದ್ದು ನೋಡ್ತಾರೆ, ಪುಸ್ತಕ ಮುಚ್ತಾರೆ. ಕಾಮೆಂಟ್ ಅಂದ್ರೆ 'ಗುಡ್', 'ಇನ್ನೂ ಚೆನ್ನಾಗಿ ಬರೆಯಿರಿ' ಅಲ್ಲ. ಮುಂದಿನ ಸಲ ಏನು ಮಾಡ್ಬೇಕು ಅಂತ ಒಂದು ಸಾಲು. ಕ್ಲೂಗರ್, ಡಿನಿಸಿ 1996ರಲ್ಲಿ ನೂರಾರು ಫಲಿತಾಂಶ ಒಟ್ಟು ಮಾಡಿ ನೋಡಿದಾಗ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಲ ಫೀಡ್‌ಬ್ಯಾಕ್ ಕೊಟ್ಟಿದ್ದರಿಂದ ಸಾಧನೆ ಇಳಿದಿತ್ತು, ಅದೂ ಮಾತು ಕೆಲಸದ ಮೇಲಿಂದ ವ್ಯಕ್ತಿಯ ಮೇಲೆ ಹೊರಳಿದಾಗ. 'ನೀನು ಬಲು ಜಾಣ' ಅನ್ನೋದೂ ವ್ಯಕ್ತಿ ಮೇಲಿನ ಮಾತೇ.

ಚಟುವಟಿಕೆ ಮಾಡ್ಸಿದ್ರೆ ಸಿಲಬಸ್ ಮುಗಿಯಲ್ಲ, ಮಕ್ಕಳೂ 'ಸಾರ್ ನೀವೇ ಹೇಳ್ಬಿಡಿ' ಅಂತಾರೆ.

ಹೇಳೇ ಹೇಳ್ತಾರೆ! ಹಾರ್ವರ್ಡಲ್ಲಿ 2019ರಲ್ಲಿ ಡೆಲೋರಿಯೇ ಮತ್ತೆ ಜೊತೆಯವರು ಫಿಸಿಕ್ಸ್ ವಿದ್ಯಾರ್ಥಿಗಳನ್ನ ಎರಡು ಗುಂಪು ಮಾಡಿ, ಒಂದಕ್ಕೆ ನಯವಾದ ಲೆಕ್ಚರ್, ಇನ್ನೊಂದಕ್ಕೆ ಅದೇ ವಿಷಯ ಆದರೆ ಮೊದಲು ತಾವೇ ಗುಂಪಲ್ಲಿ ಒದ್ದಾಡಬೇಕು ಅಂತ ಇಟ್ರು. ಒದ್ದಾಡಿದವರು ಟೆಸ್ಟಲ್ಲಿ ಹೆಚ್ಚು ತೆಗೆದ್ರು, ಆದ್ರೆ 'ಎಷ್ಟು ಕಲಿತೆ ಅನ್ಸುತ್ತೆ' ಅಂತ ಕೇಳಿದ್ರೆ ಕಮ್ಮಿ ಅಂದ್ರು. ಲೆಕ್ಚರ್ ಕೇಳಿದವರಿಗೆ ಎಲ್ಲಾ ಅರ್ಥ ಆಯ್ತು ಅನ್ನೋ ಖುಷಿ, ಕಲಿತಿದ್ದು ಕಮ್ಮಿ. ಮಕ್ಕಳು ಕೊಡೋ ರೇಟಿಂಗ್ ಮೇಲೆ ಲೆಕ್ಚರರ್‌ನ ಅಳೆಯೋ ಕಾಲೇಜುಗಳು ಇದನ್ನ ಓದ್ಬೇಕು.

ಫ್ರೀಮನ್ ಮತ್ತೆ ಜೊತೆಯವರು 2014ರಲ್ಲಿ ವಿಜ್ಞಾನ, ಗಣಿತ, ಎಂಜಿನಿಯರಿಂಗಿನ 225 ಅಧ್ಯಯನ ಸೇರಿಸಿ ನೋಡಿದಾಗ ಬರೀ ಲೆಕ್ಚರ್ ಕ್ಲಾಸಲ್ಲಿ ಫೇಲ್ ಆದವರು ಸರಾಸರಿ 34 ಪರ್ಸೆಂಟ್, ಮಕ್ಕಳಿಗೆ ಕೆಲಸ ಕೊಡೋ ಕ್ಲಾಸಲ್ಲಿ 22. ಚಟುವಟಿಕೆ ಅಂದ ತಕ್ಷಣ ಚಾರ್ಟ್, ಥರ್ಮಾಕೋಲ್ ಅಂತ ಹೋಗ್ಬೇಡಿ, ಆಮೇಲೆ ಸಿಲಬಸ್ ನಿಜವಾಗ್ಲೂ ಮುಗಿಯಲ್ಲ. ಪಾಠದ ಮಧ್ಯೆ ಒಂದು ಪ್ರಶ್ನೆ, ಎರಡು ನಿಮಿಷ ಪಕ್ಕದವರ ಜೊತೆ ವಾದ, ಆಮೇಲೆ ಕೈ ಎತ್ತಿಸೋದು, ಇಷ್ಟೂ ಚಟುವಟಿಕೆಯೇ.

ಏಳನೇ ಕ್ಲಾಸಿಗೆ ಬಂದವನಿಗೆ ಭಾಗಾಕಾರ ಬರಲ್ಲ, ನಾನು ಏಳನೇದೇ ಪಾಠ ಮಾಡ್ಬೇಕಾ?

ನಮ್ಮ ದೇಶದ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದೇ ಅಂತ ನನ್ನ ಅಭಿಪ್ರಾಯ. ದಿಲ್ಲೀಲಿ ಮುರಳೀಧರನ್, ಅಭಿಜೀತ್ ಸಿಂಗ್, ಗನಿಮಿಯನ್ ಅಳೆದು ನೋಡಿದಾಗ ಆರನೇ ಕ್ಲಾಸಿನ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ಕ್ಲಾಸು ಹಿಂದಿದ್ರು, ಮೇಲಿನ ಕ್ಲಾಸಿಗೆ ಹೋದಂಗೆ ಅಂತರ ಇನ್ನೂ ಜಾಸ್ತಿ. ಪುಸ್ತಕ ಮುಂದೆ ಓಡ್ತಿದೆ, ಮಗು ಹಿಂದೆಲ್ಲೋ ನಿಂತಿದೆ, ಟೀಚರ್ ಪುಸ್ತಕದ ಹಿಂದೆ ಓಡ್ಲೇಬೇಕು, ಯಾಕಂದ್ರೆ ಇನ್ಸ್‌ಪೆಕ್ಷನ್‌ಗೆ ಬಂದವರು ಕೇಳೋದು ಎಷ್ಟು ಪಾಠ ಮುಗೀತು ಅಂತ.

ಮಕ್ಕಳ ಕಲಿಕೆಗೆ ಕೆಲಸ ಮಾಡೋ ಪ್ರಥಮ್ ಸಂಸ್ಥೆ ಮಾಡಿದ ಉಪಾಯ, ಕ್ಲಾಸು ವಯಸ್ಸು ಬದಿಗಿಟ್ಟು ಮಕ್ಕಳನ್ನ ಏನು ಬರುತ್ತೆ ಅನ್ನೋದರ ಮೇಲೆ ಗುಂಪು ಮಾಡೋದು: ಅಕ್ಷರ, ಪದ, ಪ್ಯಾರಾ, ಕತೆ. ದಿನಕ್ಕೊಂದು ಗಂಟೆ ಅಲ್ಲಿಂದಾನೇ ಪಾಠ. ಬ್ಯಾನರ್ಜಿ, ಡುಫ್ಲೋ ಮುಂಬೈ ವಡೋದರಾದಿಂದ ಶುರು ಮಾಡಿ ಇದನ್ನ ಬೇರೆ ಬೇರೆ ರೂಪದಲ್ಲಿ ಪರೀಕ್ಷೆ ಮಾಡಿದ್ರು, 2019ರ ಅರ್ಥಶಾಸ್ತ್ರದ ನೊಬೆಲ್ ಅವರಿಗೂ ಕ್ರೆಮರ್‌ಗೂ ಬಂದಾಗ ಈ ಕೆಲಸಾನೂ ಲೆಕ್ಕಕ್ಕೆ ಬಂತು. ಜನ ಮರೆಯೋ ಭಾಗ ಒಂದಿದೆ. ಬಿಹಾರ, ಉತ್ತರಾಖಂಡದಲ್ಲಿ ಟೀಚರ್‌ಗೆ ಟ್ರೇನಿಂಗ್, ಪುಸ್ತಕ ಕೊಟ್ಟು ಮಾಮೂಲಿ ದಿನದಲ್ಲೇ ಮಾಡ್ಕೊಳಿ ಅಂದಾಗ ಹೆಚ್ಚೇನೂ ಆಗ್ಲಿಲ್ಲ, ಎಲ್ಲರೂ ಸಿಲಬಸ್ಸಿಗೇ ವಾಪಸ್ ಹೋದ್ರು. ಹರಿಯಾಣದಲ್ಲಿ ಟೈಮ್ ಟೇಬಲ್ಲಲ್ಲೇ ಒಂದು ಗಂಟೆ ಇದಕ್ಕೆ ಅಂತ ಎತ್ತಿಟ್ಟು ಉಸ್ತುವಾರಿ ಮಾಡಿದ ಮೇಲೆ ಓದೋದ್ರಲ್ಲಿ ಕೆಲಸ ಮಾಡ್ತು.

ನಮಗೆ ಇದು ಹೊಸದಲ್ಲ. ಎಚ್.ಡಿ. ಕೋಟೆ ತಾಲ್ಲೂಕಲ್ಲಿ 1995ರಲ್ಲಿ, ಆಂಧ್ರದ ರಿಷಿ ವ್ಯಾಲಿ ಶಾಲೆಯ ಕೆಲಸ ನೋಡಿ ಬಂದ ಮೇಷ್ಟ್ರುಗಳೇ ಕಟ್ಟಿದ ನಲಿ-ಕಲಿಯಲ್ಲಿ ಕಲಿಕಾ ಏಣಿ, ಕಾರ್ಡು ಇದ್ದಿದ್ದೇ ಮಗು ತನ್ನ ಮೆಟ್ಟಿಲಿಂದ ಹತ್ತಲಿ ಅಂತ. ಆ ಯೋಚನೆ ಕೆಳಗಿನ ಕ್ಲಾಸುಗಳಲ್ಲೇ ನಿಂತ್ಬಿಡ್ತು, ನಾಲ್ಕಕ್ಕೆ ಬಂದ ತಕ್ಷಣ ಎಲ್ಲರಿಗೂ ಒಂದೇ ಪುಟ.

ಅಂಗಡೀಲಿ ಚಿಲ್ರೆ ಲೆಕ್ಕ ಫಟಾಫಟ್, ಸ್ಕೂಲಲ್ಲಿ ಸೊನ್ನೆ, ಹೇಗೆ?

ಬ್ರೆಜಿಲಿನ ರೆಸಿಫೆ ಊರಲ್ಲಿ 1985ರ ಒಂದು ಅಧ್ಯಯನದಲ್ಲಿ, ಬೀದೀಲಿ ತೆಂಗಿನಕಾಯಿ ಮಾರೋ ಮಕ್ಕಳು ಗಿರಾಕಿ ಕೇಳಿದ ಲೆಕ್ಕ 98 ಪರ್ಸೆಂಟ್ ಸರಿ ಹೇಳಿದ್ರು, ಅದೇ ಲೆಕ್ಕ ಅಂಕಿ ಬರೆದು ಪೆನ್ಸಿಲ್ ಕೊಟ್ಟಾಗ 37. ಕೋಲ್ಕತ್ತಾ, ದಿಲ್ಲಿ ಮಾರ್ಕೆಟ್ ಮಕ್ಕಳ ಮೇಲೆ ಬ್ಯಾನರ್ಜಿ, ಡುಫ್ಲೋ ತಂಡ 2025ರಲ್ಲಿ ಪ್ರಕಟಿಸಿದ್ದೂ ಅದನ್ನೇ ತೋರಿಸ್ತು. ಜೊತೆಗೆ ಇನ್ನೊಂದು ಮುಖಾನೂ: ಬರೀ ಸ್ಕೂಲಿಗೆ ಹೋಗೋ ಮಕ್ಕಳಿಗೆ ಪುಸ್ತಕದ ಲೆಕ್ಕ ಬಂದ್ರೂ ಅಂಗಡಿ ಲೆಕ್ಕಕ್ಕೆ ತಿಣುಕಾಡಿದ್ರು. ಎರಡೂ ಕಡೆ ಗೊತ್ತಿರೋದು ಇನ್ನೊಂದು ಕಡೆಗೆ ತಾನಾಗೇ ದಾಟಲ್ಲ, ದಾಟಿಸೋ ಕೆಲಸ ಪಾಠದ್ದು.

ಕನ್ನಡ ಮೀಡಿಯಮ್ಮಾ ಇಂಗ್ಲಿಷ್ ಮೀಡಿಯಮ್ಮಾ? ಜಗಳ ಬೇಡ, ಸಂಶೋಧನೆ ಏನ್ ಹೇಳುತ್ತೆ ಅಷ್ಟು ಹೇಳಿ.

ಮಗುಗೆ ಅರ್ಥ ಆಗೋ ಭಾಷೇಲಿ ಓದು, ಲೆಕ್ಕ ಶುರು ಮಾಡೋದು ಒಳ್ಳೇದು ಅನ್ನೋದಕ್ಕೆ ಆಧಾರ ಗಟ್ಟಿ ಇದೆ, 2020ರ ರಾಷ್ಟ್ರೀಯ ಶಿಕ್ಷಣ ನೀತೀನೂ ಕನಿಷ್ಠ ಐದನೇ ಕ್ಲಾಸಿನವರೆಗೆ ಮನೆಮಾತು ಅಂದಿದೆ. ಆದ್ರೆ ಅಪ್ಪ ಅಮ್ಮ ಕೇಳ್ತಿರೋದು ಕೆಲಸದ ಬಗ್ಗೆ, ಅದನ್ನ ದಡ್ಡತನ ಅನ್ನೋಕಾಗಲ್ಲ. 2014ರಲ್ಲಿ ಸುಪ್ರೀಂ ಕೋರ್ಟು ಖಾಸಗಿ ಶಾಲೆಗಳ ಮೇಲೆ ಮಾಧ್ಯಮ ಹೇರೋ ಹಾಗಿಲ್ಲ ಅಂದಿದ್ದು ಕರ್ನಾಟಕದ ಕೇಸಲ್ಲೇ, 2019ರಲ್ಲಿ ಸರ್ಕಾರ ತನ್ನದೇ ಸಾವಿರ ಶಾಲೇಲಿ ಇಂಗ್ಲಿಷ್ ಮಾಧ್ಯಮ ತೆರೀತು.

ಪಕ್ಕದ ಆಂಧ್ರದಲ್ಲಿ ಮುರಳೀಧರನ್, ಸುಂದರರಾಮನ್ ಲಾಟರಿ ಎತ್ತಿ ಕೆಲವು ಮಕ್ಕಳಿಗೆ ಖಾಸಗಿ ಶಾಲೆಯ ಫೀಸು ಕಟ್ಟಿದ್ರು. ನಾಲ್ಕು ವರ್ಷ ಆದ್ಮೇಲೂ ತೆಲುಗು, ಗಣಿತದಲ್ಲಿ ಸರ್ಕಾರಿ ಶಾಲೆ ಮಕ್ಕಳಿಗೂ ಇವರಿಗೂ ವ್ಯತ್ಯಾಸ ಕಾಣ್ಲಿಲ್ಲ, ಹಿಂದೀಲಿ ಮಾತ್ರ ಮುಂದಿದ್ರು. ಬೋರ್ಡು ನೋಡಿ ದುಡ್ಡು ಕಟ್ಟೋ ಮುಂಚೆ ಒಂದು ದಿನ ಕ್ಲಾಸಲ್ಲಿ ಕೂತು ನೋಡಿ, ಟೀಚರೇ ಇಂಗ್ಲಿಷ್ ಸಾಲು ಓದಿ ಕನ್ನಡದಲ್ಲಿ ವಿವರಿಸಿ ಉತ್ತರ ಬೋರ್ಡ್ ಮೇಲೆ ಬರೆದು ಕಾಪಿ ಮಾಡಿಸ್ತಿದ್ರೆ, ಅಲ್ಲಿ ಎರಡು ಭಾಷೇನೂ ಕೂರ್ತಿಲ್ಲ.

ಟ್ಯಾಬ್, ಸ್ಮಾರ್ಟ್ ಕ್ಲಾಸ್ ಹಾಕ್ಸಿದ್ರೆ ರಿಸಲ್ಟ್ ಮೇಲೆ ಬರುತ್ತಾ?

ಯಂತ್ರ ತಂದಿಟ್ರೆ ಬರಲ್ಲ. ಪೆರು ದೇಶದ ಹಳ್ಳಿಗಳ 319 ಶಾಲೇಲಿ ಮಗುಗೊಂದು ಲ್ಯಾಪ್‌ಟಾಪ್ ಕೊಟ್ಟು ನೋಡಿದ್ರು, ಗಣಿತ ಭಾಷೆ ಎರಡರಲ್ಲೂ ಏನೂ ಬದಲಾಗ್ಲಿಲ್ಲ. ದಿಲ್ಲೀಲಿ ಮೇಲೆ ಹೇಳಿದ ಮುರಳೀಧರನ್, ಸಿಂಗ್, ಗನಿಮಿಯನ್ ತಂಡವೇ ಮೈಂಡ್‌ಸ್ಪಾರ್ಕ್ ಅನ್ನೋ ಸಾಫ್ಟ್‌ವೇರ್ ಪರೀಕ್ಷಿಸಿದಾಗ ನಾಲ್ಕೂವರೆ ತಿಂಗಳಲ್ಲಿ ಗಣಿತ, ಹಿಂದಿ ಎರಡರಲ್ಲೂ ಒಳ್ಳೇ ಏರಿಕೆ ಕಂಡ್ತು, ಯಾಕಂದ್ರೆ ಅದು ಮಗು ಇರೋ ಮಟ್ಟ ಕಂಡುಹಿಡಿದು ಅಲ್ಲಿಂದ ಲೆಕ್ಕ ಕೊಡುತ್ತೆ.

ಕ್ಲಾಸಲ್ಲಿ ಅರವತ್ತು ಮಕ್ಕಳು, ಕಮ್ಮಿ ಮಾಡದೆ ಏನ್ ಕಲಿಸ್ಲಿ?

ನಿಮ್ಮ ಕಷ್ಟ ನಿಜ. ಅಮೆರಿಕದ ಟೆನೆಸಿಯಲ್ಲಿ 1985ರಿಂದ ನಾಲ್ಕು ವರ್ಷ ಚೀಟಿ ಎತ್ತಿ ಮಕ್ಕಳನ್ನ 13-17ರ ಕ್ಲಾಸಿಗೆ, 22-25ರ ಕ್ಲಾಸಿಗೆ ಹಾಕಿದ ದೊಡ್ಡ ಪ್ರಯೋಗದಲ್ಲಿ ಚಿಕ್ಕ ಕ್ಲಾಸಿನವರು ಮುಂದಿದ್ರು. ಕೀನ್ಯಾದಲ್ಲಿ ಹೆಚ್ಚುವರಿ ಟೀಚರ್ ಹಾಕಿ ಕ್ಲಾಸನ್ನ ಸರಾಸರಿ 82ರಿಂದ 44ಕ್ಕೆ ಇಳಿಸಿದಾಗ ಅಷ್ಟರಿಂದಲೇ ಹೆಚ್ಚೇನೂ ಸಿಗ್ಲಿಲ್ಲ. ಒಡೆದ ಕ್ಲಾಸನ್ನ ಮಟ್ಟದ ಮೇಲೆ ಹಂಚಿದ ಕಡೆ ಮಾತ್ರ ಎರಡೂ ಗುಂಪಿಗೆ ಲಾಭ ಆಯ್ತು. ಸಂಬಳದ್ದೂ ಹೀಗೇ: ಇಂಡೋನೇಷ್ಯಾದಲ್ಲಿ ಟೀಚರ್ ಸಂಬಳ ದುಪ್ಪಟ್ಟಾದ್ರೂ ಮಕ್ಕಳ ಕಲಿಕೆ ಅಲುಗಾಡ್ಲಿಲ್ಲ. ಸಂಬಳ ಕೊಡ್ಬೇಡಿ ಅಂತಲ್ಲ ನಾನು ಹೇಳ್ತಿರೋದು, ಕೊಟ್ಟ ತಕ್ಷಣ ಪಾಠದ ರೀತಿ ಬದಲಾಗಲ್ಲ.

ಹಿಂದಿನ ಬೆಂಚಿನವರ ಮೇಲೆ ಟೀಚರ್‌ಗೆ ನಂಬಿಕೆ ಇಲ್ಲದಿದ್ರೆ ಅದು ಮಕ್ಕಳಿಗೆ ತಟ್ಟುತ್ತಾ?

ತಟ್ಟುತ್ತೆ, ಆದ್ರೆ ಭಾಷಣಗಳಲ್ಲಿ ಹೇಳೋಷ್ಟು ಅಲ್ಲ. 1968ರ ರೋಸೆಂತಾಲ್, ಜೇಕಬ್‌ಸನ್ ಪ್ರಯೋಗದಲ್ಲಿ ಟೀಚರ್‌ಗೆ ಕೆಲವು ಹೆಸರು ಕೊಟ್ಟು ಇವರು ಅರಳೋ ಮಕ್ಕಳು ಅಂದ್ರು, ಆ ಹೆಸರು ಸುಮ್ನೆ ಎತ್ತಿದ್ದು, ಆದ್ರೂ ಒಂದನೇ, ಎರಡನೇ ಕ್ಲಾಸಲ್ಲಿ ಏರಿಕೆ ಕಂಡ್ತು. ಟೀಚರ್‌ಗೆ ಮಕ್ಕಳ ಪರಿಚಯ ಎರಡು ವಾರಕ್ಕಿಂತ ಹಳೇದಾಗಿದ್ರೆ ಪರಿಣಾಮ ಹೆಚ್ಚುಕಡಿಮೆ ಇಲ್ಲ ಅಂತ ರಾಡೆನ್‌ಬುಷ್ 1984ರಲ್ಲಿ ತೋರಿಸಿದ್ರು.

ನನ್ನನ್ನ ಜಾಸ್ತಿ ಕಾಡೋದು ಹಾಫ್ ಮತ್ತು ಪಾಂಡೆ ಉತ್ತರ ಪ್ರದೇಶದ ಹಳ್ಳೀಲಿ ಮಾಡಿದ್ದು. ಹುಡುಗ್ರಿಗೆ ಕಾಗದದ ಮೇಲೆ ದಾರಿ ಹುಡುಕೋ ಒಗಟು ಕೊಟ್ಟು ಸರಿ ಮಾಡಿದ್ದಕ್ಕೆ ದುಡ್ಡು ಕೊಟ್ರು. ಜಾತಿ ಹೇಳದೇ ಇದ್ದಾಗ ಕೆಳಜಾತಿ ಅನ್ನಿಸ್ಕೊಂಡ ಹುಡುಗ್ರು ಮೇಲ್ಜಾತಿಯವರಷ್ಟೇ ಬಿಡಿಸಿದ್ರು. ಎಲ್ಲರೆದುರು ಹೆಸರು, ಜಾತಿ ಕೂಗಿದ ಮೇಲೆ ಅವರೇ ಬಿಡಿಸಿದ್ದು ಕಮ್ಮಿ ಆಯ್ತು. ಸ್ಕಾಲರ್‌ಶಿಪ್ ಫಾರಂ ತುಂಬ್ಸೋವಾಗ ಇಡೀ ಕ್ಲಾಸೆದುರು ಜಾತಿ ಕೇಳಿ ಎದ್ದು ನಿಲ್ಲಿಸೋ ಅಭ್ಯಾಸ ಇದೆಯಲ್ಲ, ಸ್ಟಾಫ್‌ರೂಮಿಗೆ ಒಬ್ಬೊಬ್ಬರನ್ನೇ ಕರೆದು ಕೇಳೋಕೆ ಏನು ಕಷ್ಟ?

## ಸಂಶೋಧನೆಯನ್ನೇ ಓದೋದು

ಸಂಶೋಧನಾ ವರದೀಲಿ ಪರಿಣಾಮ 0.3, 0.4 ಅಂತೆಲ್ಲ ಬರೀತಾರಲ್ಲ, ಅದು ದೊಡ್ಡದಾ ಚಿಕ್ಕದಾ?

ಅಂಕಗಳು ಎಷ್ಟು ಚದುರಿವೆ ಅನ್ನೋದನ್ನ ಒಂದು ಅಳತೆ ಮಾಡ್ಕೊಂಡು ಅದರಲ್ಲಿ ಎಷ್ಟು ಪಾಲು ಏರ್ತು ಅಂತ ಹೇಳೋದು ಅದು. ಸರಾಸರಿ 50, ಚದುರುವಿಕೆ 15 ಅಂಕ ಇರೋ ಟೆಸ್ಟಲ್ಲಿ 0.2 ಅಂದ್ರೆ ಮೂರು ಅಂಕ. ಇಷ್ಟೇನಾ ಅನ್ಸುತ್ತೆ, ಆದ್ರೆ ನಿಜವಾದ ಶಾಲೇಲಿ, ಸಾವಿರಾರು ಮಕ್ಕಳಿಗೆ, ಚೀಟಿ ಎತ್ತಿ ಮಾಡಿದ ಪ್ರಯೋಗದಲ್ಲಿ 0.2 ಅಂದ್ರೆ ದೊಡ್ಡದೇ ಅಂತ ಮ್ಯಾಥ್ಯೂ ಕ್ರಾಫ್ಟ್ 2020ರಲ್ಲಿ ವಾದಿಸಿದ್ರು. ದಿಲ್ಲಿಯ ಮೈಂಡ್‌ಸ್ಪಾರ್ಕ್ ಗಣಿತದಲ್ಲಿ 0.37 ಇತ್ತು. ಕಲಿಸಿದ್ದನ್ನೇ ಅದೇ ದಿನ ಸಂಶೋಧಕರೇ ಮಾಡಿದ ಟೆಸ್ಟಲ್ಲಿ ಕೇಳಿದ್ರೆ ಅಂಕಿ ಉಬ್ಬುತ್ತೆ, ಅದಕ್ಕೆ ಯಾವ ಟೆಸ್ಟು, ಎಷ್ಟು ದಿನದ ಮೇಲೆ ಅಂತ ಮೊದಲು ನೋಡಿ.

ಒಬ್ಬೊಬ್ಬರಿಗೇ ಟ್ಯೂಷನ್ ಕೊಟ್ರೆ ಸರಾಸರಿ ಹುಡುಗನೂ ಟಾಪರ್ ಆಗ್ತಾನೆ ಅಂತ ಬ್ಲೂಮ್ ಹೇಳಿದಾರಂತೆ, ನಿಜಾನಾ?

ಅಮೆರಿಕದ ಶಿಕ್ಷಣ ತಜ್ಞ ಬ್ಲೂಮ್ 1984ರಲ್ಲಿ ಹೇಳಿದ್ದು ನಿಜ, ಮೇಲಿನ ಅಳತೇಲಿ ಅವರ ಅಂಕಿ ಎರಡು, ಅಂದ್ರೆ 0.2ರ ಹತ್ತು ಪಟ್ಟು. ಅದು ನಿಂತಿರೋದು ಅವರ ಇಬ್ಬರು ವಿದ್ಯಾರ್ಥಿಗಳ ಪಿಎಚ್‌ಡಿ ಕೆಲಸದ ಮೇಲೆ, ಕೆಲವೇ ವಾರದ ಪಾಠ. ಆಮೇಲೆ ಟ್ಯೂಟರಿಂಗಿನ ತುಂಬಾ ಪ್ರಯೋಗ ಸೇರಿಸಿ ನೋಡಿದಾಗ ಸುಮಾರು 0.37ಕ್ಕೆ ಬಂತು, ಇದೂ ಕಮ್ಮಿಯಲ್ಲ. ನಮ್ಮೂರ ನಲವತ್ತು ಮಕ್ಕಳ ಟ್ಯೂಷನ್ ಕ್ಲಾಸಿನ ಜಾಹೀರಾತಲ್ಲಿ ಬ್ಲೂಮ್ ಹೆಸರು ಕಂಡ್ರೆ ನಕ್ಕು ಮುಂದೆ ಹೋಗಿ.

ನಮ್ಮ ಸ್ಕೂಲಲ್ಲೇ ಒಂದು ಪ್ರಯೋಗ ಮಾಡ್ಬಹುದಾ, ಹೇಗೆ?

ಧಾರಾಳವಾಗಿ. ಎ ಸೆಕ್ಷನ್ನಿಗೆ ಹೊಸ ವಿಧಾನ, ಬಿ ಸೆಕ್ಷನ್ನಿಗೆ ಹಳೇದು ಅಂತ ಮಾತ್ರ ಮಾಡ್ಬೇಡಿ, ಎಷ್ಟೋ ಶಾಲೇಲಿ ಎ ಸೆಕ್ಷನ್ ಅಂದ್ರೇನೇ ಮುಂದಿರೋ ಮಕ್ಕಳು. ಅದರ ಬದಲು ಪಾಠಗಳನ್ನ ಚೀಟಿ ಎತ್ತಿ ಹಂಚಿ: ಬೆಳಕು ಅನ್ನೋ ಪಾಠಕ್ಕೆ ಎ ಸೆಕ್ಷನ್ ಪ್ರತಿ ಕ್ಲಾಸ್ ಶುರುವಲ್ಲಿ ಹಿಂದಿನ ಪಾಠದ ಮೂರು ಪ್ರಶ್ನೆ ಪುಸ್ತಕ ಮುಚ್ಚಿ ಬರೀಲಿ, ಬಿ ಸೆಕ್ಷನ್ ಅಷ್ಟೇ ಹೊತ್ತು ಪುಸ್ತಕ ತಿರುಗಿ ಓದ್ಲಿ, ವಿದ್ಯುತ್ ಪಾಠಕ್ಕೆ ಅದಲು ಬದಲು ಮಾಡಿ. ಟೆಸ್ಟನ್ನ ಪಾಠ ಮುಗಿದ ದಿನ ಇಡ್ಬೇಡಿ, ಮೂರು ವಾರ ಬಿಟ್ಟು ಹೇಳದೇ ಇಡಿ. ಪ್ರಶ್ನೆಗಳು ದಿನಾ ಕೇಳಿದವೇ ಆಗಿರಬಾರ್ದು. ಪೇಪರ್ ಮೇಲೆ ಹೆಸರು, ಸೆಕ್ಷನ್ ಬೇಡ, ರಿಜಿಸ್ಟರ್ ನಂಬರ್ ಮಾತ್ರ, ತಿದ್ದೋಕೆ ಬೇರೆ ಶಾಲೆ ಮೇಷ್ಟ್ರಿಗೆ ಕೊಡಿ. ಗೈರುಹಾಜರಾದವರ ಪಟ್ಟೀನೂ ಇಟ್ಕೊಳಿ, ಹಿಂದೆ ಬಿದ್ದವರೇ ಆ ದಿನ ಬರದೇ ಇದ್ರೆ ಸರಾಸರಿ ತಾನಾಗೇ ಏರುತ್ತೆ, ಆಗ ವಿಧಾನಕ್ಕೆ ಶಹಬ್ಬಾಸ್ ಅಂದ್ಬಿಡ್ತೀವಿ.